ಬಡ್ತಿ ಪಡೆದ ತಂಡಕ್ಕೆ 40 ಅಂಕ ಬೇಕೇ ಬೇಕೇ?

ಪ್ರಶ್ನೆ: ನಮ್ಮ ಲೀಡ್ಸ್ ಯುನೈಟೆಡ್ ತಂಡ ಇಂಗ್ಲೆಂಡಿನ ಫುಟ್‌ಬಾಲ್‌ನ ಎರಡನೆಯ ಹಂತದ ಲೀಗ್ ಆದ ಚಾಂಪಿಯನ್‌ಷಿಪ್‌ನಲ್ಲಿ ನೂರು ಅಂಕ ಗಳಿಸಿ, 2025-26ರ ಋತುವಿಗೆ ಅಲ್ಲಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ಗೆ ಮರಳಿದೆ. ಅಲ್ಲಿ ಉಳಿದುಕೊಳ್ಳಲು ಬೇಕಾದ 40 ಅಂಕ ಈ ತಂಡಕ್ಕೆ ದಕ್ಕೀತೇ? ಎಷ್ಟನೆಯ ಸ್ಥಾನ ಬರಬಹುದೆಂದು ನಿಮ್ಮ ಅಂದಾಜು ಸರ್?

ಉತ್ತರ: ಕ್ಲಬ್ಬಿನ ಹೆಸರೊಂದನ್ನು ಬಿಟ್ಟರೆ ಈ ಪ್ರಶ್ನೆಯಲ್ಲಿ ಹೊಸದೇನೂ ಇಲ್ಲ. 2022ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಅಭಿಮಾನಿಯೊಬ್ಬರು ಇದನ್ನೇ ಕೇಳಿದ್ದರು, 2023ರಲ್ಲಿ ಬರ್ನ್ಲಿಯವರು ಕೇಳಿದರು, 2024ರಲ್ಲಿ ಇಪ್ಸ್‌ವಿಚ್‌ನವರ ಸರದಿಯಾಗಿತ್ತು. ಮೇ ತಿಂಗಳ ಪ್ಲೇ ಆಫ್ (ಬಡ್ತಿಯ ಮೂರನೆಯ ತಂಡವನ್ನು ಆರಿಸುವ ಪಂದ್ಯಗಳು) ಮುಗಿದು ಆಗಸ್ಟ್‌ನಲ್ಲಿ ಮೊದಲ ಪಂದ್ಯ ಶುರುವಾಗುವವರೆಗೆ, ಬಡ್ತಿ ಪಡೆದ ಮೂರು ತಂಡಗಳ ಅಭಿಮಾನಿಗಳೆಲ್ಲ ಜೋಯಿಸರಾಗುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಪ್ರಶ್ನೆಯ ನಡುವೆ ಆ 40 ಎಂಬ ಸಂಖ್ಯೆ ಒಂದು ವರ್ಷವೂ ತಪ್ಪದೆ ಬಂದು ಕೂರುತ್ತದೆ. ನಾನು ಪ್ರತಿ ಸಲವೂ ಅದನ್ನು ಎಬ್ಬಿಸಿ ಹೊರಗೆ ಕಳಿಸುತ್ತೇನೆ, ಮುಂದಿನ ಆಗಸ್ಟ್‌ಗೆ ಅದು ಮತ್ತೆ ಅದೇ ಜಾಗದಲ್ಲಿ ಕೂತಿರುತ್ತದೆ. ಹಾಗಾಗಿ ಈ ಬಾರಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ಓದಿ ಎಂದು ಹೇಳಿ ಸುಮ್ಮನಾಗಬಹುದೆಂಬ ಸ್ವಾರ್ಥವೂ ಇದರಲ್ಲಿದೆ.

ಚುಟುಕಾಗಿ ಹೇಳುವುದಾದರೆ, ಲೀಡ್ಸ್ ಉಳಿಯುವ ಸಾಧ್ಯತೆ ಇದೆ, ಆದರೆ ಖಾತರಿ ಇಲ್ಲ. ಕೆಳಗಿನ ಲೀಗ್‌ನಲ್ಲಿ ಗಳಿಸಿದ ನೂರು ಅಂಕ ಮೇಲಿನ ಲೀಗ್‌ನ ಭವಿಷ್ಯವನ್ನು ಹೇಳುವುದಿಲ್ಲ. ಇನ್ನು ಉಳಿಯುವುದಕ್ಕೆ 40 ಅಂಕ ಬೇಕೆಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ, ಅನುಭವದಲ್ಲೂ ಇಲ್ಲ.

ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನಾದ್ದರಿಂದ, ಈ ತಪ್ಪು ತಿಳಿವಳಿಕೆ ಎಲ್ಲಿ ಹುಟ್ಟುತ್ತದೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 35 ಬಂದರೆ ಪಾಸು. ಪಕ್ಕದ ಬೆಂಚಿನವನಿಗೆ 90 ಬರಲಿ, 20 ಬರಲಿ, ನಿಮ್ಮ 35ಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರೀಮಿಯರ್ ಲೀಗ್‌ನ 40 ಅಂಕವನ್ನು ನೀವೆಲ್ಲ ಹೀಗೆ ಪಾಸ್ ಮಾರ್ಕ್ಸ್ ಎಂದು ತಿಳಿದಿದ್ದೀರಿ. ಆದರೆ ಲೀಗ್ ಎಂಬುದು ಎಸ್ಸೆಸ್ಸೆಲ್ಸಿಯಲ್ಲ, ಸಿಇಟಿ. ಸಿಇಟಿಯಲ್ಲಿ ಎಷ್ಟು ಅಂಕ ಬಂದರೆ ಸೀಟು ಸಿಗುತ್ತದೆಂದು ಪರೀಕ್ಷೆಗೆ ಮುಂಚೆ ಯಾರೂ ಹೇಳಲಾರರು, ಏಕೆಂದರೆ ಅದು ನಿಮ್ಮ ಜೊತೆ ಬರೆದವರು ಹೇಗೆ ಬರೆದರೆಂಬುದರ ಮೇಲೆ ನಿಂತಿರುತ್ತದೆ ಮತ್ತು ಕಟ್ ಆಫ್ ವರ್ಷದಿಂದ ವರ್ಷಕ್ಕೆ ಮೇಲೆ ಕೆಳಗೆ ಆಗುತ್ತಿರುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳಿವೆ, ಕೊನೆಯ ಮೂರು ಹಿಂಬಡ್ತಿ ಪಡೆಯುತ್ತವೆ. ಉಳಿಯುವುದಕ್ಕೆ ಇರುವ ಷರತ್ತು ಒಂದೇ: ನಿಮಗಿಂತ ಕೆಟ್ಟದಾಗಿ ಆಡಿದ ಮೂರು ತಂಡಗಳು ಇರಬೇಕು. ಅವು 39 ಅಂಕ ಪಡೆದಿದ್ದರೆ ನಿಮಗೆ 40 ಬೇಕು, 25 ಪಡೆದಿದ್ದರೆ 26 ಸಾಕು.

ಈಗ ಅಂಕಿಗಳಿಗೆ ಬರೋಣ. ಲೀಗ್ 20 ತಂಡಗಳಿಗೆ ಇಳಿದದ್ದು 1995-96ರಲ್ಲಿ. ಅಲ್ಲಿಂದ 2024-25ರವರೆಗೆ ಮುಗಿದ ಋತುಗಳು 30. ಪ್ರತಿ ಋತುವಿನಲ್ಲೂ 18ನೆಯ ಸ್ಥಾನ ಪಡೆದು ಕೆಳಗಿಳಿದ ತಂಡದ ಅಂಕಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ಕೂಡಿದರೆ 1,036 ಬರುತ್ತದೆ, ಸರಾಸರಿ 34 ಮತ್ತು ಅರ್ಧ. ಈ 30ರಲ್ಲಿ 40 ಅಂಕ ಅಥವಾ ಅದಕ್ಕಿಂತ ಹೆಚ್ಚು ಪಡೆದೂ ಕೆಳಗಿಳಿದ ತಂಡಗಳು ಮೂರೇ: 1996-97ರಲ್ಲಿ ಸಂಡರ್‌ಲ್ಯಾಂಡ್, ಮರುವರ್ಷ ಬೋಲ್ಟನ್, 2002-03ರಲ್ಲಿ ವೆಸ್ಟ್ ಹ್ಯಾಮ್. ಅಂದರೆ ಮೂರು ವರ್ಷ 40 ಅಂಕ ಉಳಿವಿನ ಖಾತರಿ ಕೊಡಲಿಲ್ಲ. ಉಳಿದ 27 ವರ್ಷಗಳ ಪೈಕಿ ಒಂದರಲ್ಲಿ ಮಾತ್ರ ಅದು ಸರಿಯಾಗಿ ಬೇಕಾಗಿತ್ತು, 2010-11ರಲ್ಲಿ, ಬರ್ಮಿಂಗ್‌ಹ್ಯಾಮ್ ಮತ್ತು ಬ್ಲ್ಯಾಕ್‌ಪೂಲ್ 39 ಅಂಕಗಳೊಂದಿಗೆ ಕೆಳಗಿಳಿದಾಗ. ಮಿಕ್ಕ 26 ವರ್ಷ ಅದು ಬೇಕಿದ್ದಕ್ಕಿಂತ ಹೆಚ್ಚೇ ಆಗಿತ್ತು. ಮೂವತ್ತು ಸಲ ಪ್ರಯೋಗಿಸಿದಾಗ ಒಂದೇ ಒಂದು ಸಲ ಸರಿಯಾಗಿ ಹೊಂದಿಕೊಂಡ ಅಳತೆಗೋಲನ್ನು ಯಾವ ಬಡಗಿಯಾದರೂ ಕೈಯಲ್ಲಿ ಹಿಡಿಯುತ್ತಾನೆಯೇ?

ಇತ್ತೀಚಿನ ವರ್ಷಗಳಲ್ಲಂತೂ ಇದು ಇನ್ನೂ ಸಡಿಲವಾಗಿದೆ. 2020-21ರಲ್ಲಿ 18ನೆಯ ಸ್ಥಾನದ ಫುಲ್ಹಾಮ್ ಗಳಿಸಿದ್ದು 28. 2023-24ರಲ್ಲಿ ಲೂಟನ್ ಗಳಿಸಿದ್ದು 26. ಆ ವರ್ಷ ಹಣಕಾಸಿನ ನಿಯಮ ಮೀರಿದ್ದಕ್ಕೆ ನಾಲ್ಕು ಅಂಕ ಕಳೆದುಕೊಂಡ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೂಡ 32 ಅಂಕಗಳೊಂದಿಗೆ ನಿರಾಳವಾಗಿ ಉಳಿಯಿತು. 2024-25ರಲ್ಲಿ 18ನೆಯ ಸ್ಥಾನದಲ್ಲಿದ್ದ ಲೆಸ್ಟರ್ ಸಿಟಿಯ ಅಂಕ 25. ಆ ವರ್ಷ 26 ಅಂಕ ಪಡೆದವರು ಉಳಿಯುತ್ತಿದ್ದರು, 40ರ ಲೆಕ್ಕ ಹಾಕುತ್ತಿದ್ದವರು ಮಾತ್ರ ಏಪ್ರಿಲ್‌ವರೆಗೂ ಸುಮ್ಮನೆ ಉಗುರು ಕಚ್ಚುತ್ತ ಕೂತಿದ್ದರು.

ಇಷ್ಟು ಹೇಳಿದ ಮೇಲೆ ಯಾರಾದರೊಬ್ಬರು ಎದ್ದು ನಿಂತು, "ಹಾಗಾದರೆ ವೆಸ್ಟ್ ಹ್ಯಾಮ್ 42 ಅಂಕ ಪಡೆದೂ ಏಕೆ ಇಳಿಯಿತು?" ಎಂದು ಕೇಳುತ್ತಾರೆ. ತರಗತಿಯಲ್ಲಿ ನಾನು ಕಾಯುತ್ತಿದ್ದದ್ದು ಇಂಥ ಪ್ರಶ್ನೆಗೇ. ಜೋ ಕೋಲ್, ಮೈಕೆಲ್ ಕ್ಯಾರಿಕ್, ಜರ್ಮೇನ್ ಡೆಫೋ, ಪಾವ್ಲೊ ಡಿ ಕಾನಿಯೊ ಅವರಂಥ ಹೆಸರಾಂತ ಆಟಗಾರರಿದ್ದ ತಂಡವದು. ಆ ಋತುವಿನ ಪಟ್ಟಿಯ ಕೆಳತುದಿಯನ್ನು ನೋಡಿ: ಸಂಡರ್‌ಲ್ಯಾಂಡ್ 19, ವೆಸ್ಟ್ ಬ್ರಾಮ್ವಿಚ್ 26. ಎರಡು ತಂಡಗಳು ಅತಿ ದುರ್ಬಲವಾಗಿದ್ದಾಗ ಅವುಗಳ ಎದುರು ಉಳಿದ 18 ತಂಡಗಳೂ ಪುಕ್ಕಟೆ ಅಂಕ ಎತ್ತಿಕೊಳ್ಳುತ್ತವೆ. ಎಲ್ಲರ ಖಾತೆಯೂ ತುಂಬುತ್ತದೆ, 17 ಮತ್ತು 18ನೆಯ ಸ್ಥಾನದವರದ್ದೂ ಸೇರಿ. ಹಾಗಾಗಿ ಉಳಿವಿನ ಗೆರೆ ಮೇಲೇರುತ್ತದೆ. ಅದೇ ಮೂರು ತಂಡಗಳು ದುರ್ಬಲವಾದರೆ, ಮೂರನೆಯ ದುರ್ಬಲ ತಂಡವೇ 18ನೆಯ ಸ್ಥಾನದಲ್ಲಿರುವುದರಿಂದ, ಗೆರೆ ನೆಲಕ್ಕೆ ಬೀಳುತ್ತದೆ. 2024-25ರಲ್ಲಿ ಆದದ್ದು ಇದೇ: ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಮೂರೂ ಸೇರಿ ಗಳಿಸಿದ್ದು 59 ಅಂಕ. ಕೆಳಗೆ ಇಬ್ಬರು ಬಲಹೀನರೋ ಮೂವರೋ ಎಂಬ ಇಷ್ಟೇ ವ್ಯತ್ಯಾಸಕ್ಕೆ ಬದುಕುಳಿಯುವ ಬೆಲೆ 43ರಿಂದ 26ಕ್ಕೆ ಇಳಿಯಬಲ್ಲದು. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡುತ್ತಿದ್ದರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

40ರ ಕಟ್ಟುಕತೆಗೆ ಹಳೆಯ ಕಾಲದ ಆಸರೆಯನ್ನು ಕೊಡುವವರೂ ಇದ್ದಾರೆ. ಲೀಗ್‌ನಲ್ಲಿ 22 ತಂಡಗಳಿದ್ದು 42 ಪಂದ್ಯ ಆಡುತ್ತಿದ್ದಾಗಿನ ಲೆಕ್ಕವದು ಎನ್ನುತ್ತಾರೆ. ಆಗಲೂ ಅದು ಸರಿಯಿರಲಿಲ್ಲ. 1992-93ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ 49 ಅಂಕ ಪಡೆದು, ಅಷ್ಟೇ ಅಂಕ ಪಡೆದ ಓಲ್ಡಮ್‌ಗಿಂತ ಗೋಲು ಅಂತರದಲ್ಲಿ (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸದಲ್ಲಿ) ಹಿಂದುಳಿದು ಕೆಳಗಿಳಿಯಿತು. ಪಾಪ, ಅದೇ ತಂಡ 1994-95ರಲ್ಲಿ 45 ಅಂಕ ಪಡೆದೂ ಇಳಿಯಿತು. ಲೀಗನ್ನು ಚಿಕ್ಕದು ಮಾಡಲು ಆ ವರ್ಷ ನಾಲ್ಕು ತಂಡಗಳನ್ನು ಕೆಳಗೆ ಕಳಿಸಲಾಗಿತ್ತು. ಅಂದಿಗೆ 40 ಕಡಿಮೆಯಾಯಿತು, ಇಂದಿಗೆ ಹೆಚ್ಚಾಯಿತು.

ಬಡ್ತಿ ಪಡೆದ ತಂಡಗಳ ಭವಿಷ್ಯ ಅಂಕದ ಮೇಲಲ್ಲ, ಪಕ್ಕದವರ ಮೇಲೆ ನಿಂತಿದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ನೋಡಬೇಕೆಂದರೆ 2005ರ ಮೇ 15ರ ಭಾನುವಾರಕ್ಕೆ ಹೋಗಬೇಕು. ಹಿಂದಿನ ವರ್ಷ ಬಡ್ತಿ ಪಡೆದಿದ್ದ ನಾರ್ವಿಚ್, ವೆಸ್ಟ್ ಬ್ರಾಮ್ವಿಚ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಮೂರೂ, ಜೊತೆಗೆ ಸೌತಾಂಪ್ಟನ್, ಕೊನೆಯ ನಾಲ್ಕು ಸ್ಥಾನಗಳಲ್ಲಿದ್ದವು. ನಾರ್ವಿಚ್ 33, ಪ್ಯಾಲೇಸ್ ಮತ್ತು ಸೌತಾಂಪ್ಟನ್ 32, ವೆಸ್ಟ್ ಬ್ರಾಮ್ವಿಚ್ 31. ಒಂದು ತಂಡ ಉಳಿಯಬೇಕು, ಮೂರು ಹೋಗಬೇಕು. ತನ್ನ ಕೈಯಲ್ಲೇ ತನ್ನ ಹಣೆಬರಹವಿದ್ದ ನಾರ್ವಿಚ್ ಫುಲ್ಹಾಮ್‌ನ ಅಂಗಳದಲ್ಲಿ 6-0ಯಿಂದ ಸೋತಿತು. ಸೌತಾಂಪ್ಟನ್ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 2-1ರಿಂದ ಸೋತಿತು. ಪ್ಯಾಲೇಸ್ ಚಾರ್ಲ್ಟನ್ ಎದುರು 2-1ರ ಮುನ್ನಡೆಯಲ್ಲಿತ್ತು, ಹಾಗೇ ಮುಗಿದಿದ್ದರೆ ಉಳಿಯುತ್ತಿತ್ತು, ಆದರೆ ಪಂದ್ಯ ಮುಗಿಯಲು ಎಂಟೇ ನಿಮಿಷವಿರುವಾಗ ಚಾರ್ಲ್ಟನ್ ಸಮಗೊಳಿಸಿತು. ಬೆಳಿಗ್ಗೆ ಎಲ್ಲರಿಗಿಂತ ಕೆಳಗಿದ್ದ ವೆಸ್ಟ್ ಬ್ರಾಮ್ವಿಚ್ ಪೋರ್ಟ್ಸ್‌ಮತ್ತನ್ನು 2-0ಯಿಂದ ಸೋಲಿಸಿ, ಬೇರೆ ಮೈದಾನಗಳ ಸುದ್ದಿಗಾಗಿ ಕಾದು, 34 ಅಂಕಗಳೊಂದಿಗೆ ಉಳಿಯಿತು. ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದ ತಂಡವೊಂದು ಪ್ರೀಮಿಯರ್ ಲೀಗ್‌ನಲ್ಲಿ ಉಳಿದುಕೊಂಡದ್ದು ಅದೇ ಮೊದಲು. ಆ ತಂಡ 40 ಅಂಕದ ಲೆಕ್ಕ ಹಾಕಿದ್ದರೆ ಮಾರ್ಚ್‌ನಲ್ಲೇ ಗಂಟುಮೂಟೆ ಕಟ್ಟಬೇಕಿತ್ತು.

ಇನ್ನೊಂದು ಉದಾಹರಣೆ ಇದಕ್ಕಿಂತ ಸೂಕ್ಷ್ಮ. 2019ರಲ್ಲಿ ಆ್ಯಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್ ಒಟ್ಟಿಗೆ ಬಡ್ತಿ ಪಡೆದಿದ್ದವು. ಕೋವಿಡ್ ಬಿಡುವಿನ ನಂತರ, 2020ರ ಜೂನ್ 17ರಂದು, ಖಾಲಿ ಕ್ರೀಡಾಂಗಣದಲ್ಲಿ ಲೀಗ್ ಮತ್ತೆ ಶುರುವಾದದ್ದು ಇವೆರಡರ ಪಂದ್ಯದಿಂದಲೇ. ಶೆಫೀಲ್ಡ್‌ನ ಫ್ರೀ ಕಿಕ್ಕನ್ನು ಹಿಡಿದ ವಿಲ್ಲಾದ ಗೋಲ್‌ಕೀಪರ್ ಚೆಂಡಿನ ಸಮೇತ ಗೋಲಿನ ಗೆರೆಯ ಆಚೆಗೆ ಸರಿದರು. ಟಿ.ವಿ. ಮುಂದೆ ಕೂತ ಎಲ್ಲರಿಗೂ ಕಂಡಿತು, ಗೋಲಾದರೆ ಮಿಡಿಯಬೇಕಾದ ರೆಫರಿಯ ಕೈಗಡಿಯಾರ ಮಾತ್ರ ಮಿಡಿಯಲಿಲ್ಲ. ಗೋಲ್-ಲೈನ್ ತಂತ್ರಜ್ಞಾನದ ಕ್ಯಾಮೆರಾಗಳಿಗೆ ಆಟಗಾರರು ಅಡ್ಡವಾಗಿದ್ದರು, ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ತಲೆಹಾಕಲಿಲ್ಲ, ಪಂದ್ಯ 0-0 ಎಂದು ಮುಗಿಯಿತು. ವಿಲ್ಲಾ ಆ ಋತುವನ್ನು 35 ಅಂಕಗಳೊಂದಿಗೆ 17ನೆಯ ಸ್ಥಾನದಲ್ಲಿ ಮುಗಿಸಿತು, ಬೋರ್ನ್‌ಮೌತ್ 34 ಅಂಕಗಳೊಂದಿಗೆ 18ನೆಯದಾಗಿ ಇಳಿಯಿತು. ಆ ಗೋಲನ್ನು ಕೊಟ್ಟು, ಉಳಿದದ್ದೆಲ್ಲ ಹಾಗೇ ನಡೆದಿತ್ತೆಂದು ಲೆಕ್ಕ ಹಾಕಿದರೆ, ಎರಡೂ ತಂಡಗಳು 34ರಲ್ಲಿ ಸಮನಾಗಿ, ಗೋಲು ಅಂತರದಲ್ಲಿ ವಿಲ್ಲಾ ಹಿಂದುಳಿದು ಕೆಳಗೆ ಹೋಗುತ್ತಿತ್ತು. ಮುಂದಿನ ವರ್ಷಗಳಲ್ಲಿ ಯುರೋಪಿನ ಅಗ್ರ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಆಡಿದ ಕ್ಲಬ್ ಇದು. ಆಗಸ್ಟ್‌ನಲ್ಲಿ ಭವಿಷ್ಯ ಹೇಳಲು ಕೂತ ಯಾವ ಪಂಡಿತನ ಪಂಚಾಂಗದಲ್ಲಿ ಆ ಮಿಡಿಯದ ಗಡಿಯಾರ ಇತ್ತು?

ಇಷ್ಟಾದರೂ 40 ಏಕೆ ಸಾಯುವುದಿಲ್ಲ ಎಂದರೆ, ಅದು ಬಾಯಿಗೆ ಸುಲಭ. 38 ಪಂದ್ಯಗಳಿಗೆ 40 ಅಂಕ ಎಂದರೆ ಪಂದ್ಯಕ್ಕೊಂದು ಅಂಕ, ಮೇಲೆ ಎರಡು ಕೊಸರು. ತರಬೇತುದಾರರಿಗೂ ಅದು ಅನುಕೂಲ: ದೊಡ್ಡ ಆಸೆ ಹುಟ್ಟಿಸಿ ಬೈಸಿಕೊಳ್ಳುವುದಕ್ಕಿಂತ ಚಿಕ್ಕ ಗುರಿ ಹೇಳಿ ದಾಟುವುದು ಕ್ಷೇಮ. 2015ರಲ್ಲಿ ಲೆಸ್ಟರ್‌ಗೆ ಬಂದ ಕ್ಲಾಡಿಯೊ ರನೇರಿ ತಮ್ಮ ಗುರಿ 40 ಅಂಕ ಎಂದು ತಿಂಗಳುಗಟ್ಟಲೆ ಹೇಳಿಕೊಂಡೇ ಬಂದರು, ಕೊನೆಗೆ 81 ಅಂಕ ಗಳಿಸಿ ಲೀಗ್ ಗೆದ್ದರು. ಅವರ ಬಾಯಲ್ಲಿ ಅದು ಎದುರಾಳಿಗಳನ್ನು ಮಲಗಿಸುವ ಜೋಗುಳವಾಗಿತ್ತು, ನೀವು ಅದನ್ನು ಗಣಿತವೆಂದು ಬರೆದುಕೊಂಡಿರಿ.

ಇನ್ನು ನೂರು ಅಂಕದ ವಿಚಾರ. ಲೀಡ್ಸ್ 46 ಪಂದ್ಯಗಳಲ್ಲಿ 95 ಗೋಲು ಹೊಡೆದು 30 ಬಿಟ್ಟುಕೊಟ್ಟಿದೆ, ಸಂತೋಷ. ಜೊತೆಗೇ ಬಡ್ತಿ ಪಡೆದ ಬರ್ನ್ಲಿಯೂ ಅಷ್ಟೇ ನೂರು ಅಂಕ ಪಡೆದು, 46 ಪಂದ್ಯಗಳಲ್ಲಿ ಬರೀ 16 ಗೋಲು ಬಿಟ್ಟುಕೊಟ್ಟಿದೆ, ಅದೂ ಸಂತೋಷ. ಆದರೆ ಹಿಂದಿನ ಆರು ವರ್ಷಗಳ ಚಾಂಪಿಯನ್‌ಷಿಪ್ ವಿಜೇತರು ಮರುವರ್ಷ ಮೇಲೆ ಹೋಗಿ ಏನು ಮಾಡಿದರೆಂಬುದನ್ನು ಸಾಲಾಗಿ ಇಟ್ಟು ನೋಡಿ. ನಾರ್ವಿಚ್ 94 ಅಂಕ ಪಡೆದು ಮೇಲೆ ಹೋಯಿತು, ಅಲ್ಲಿ ಪಡೆದದ್ದು 21. ಲೀಡ್ಸ್ 93 ಪಡೆದು ಹೋಯಿತು, ಅಲ್ಲಿ 59. ಮತ್ತೆ ನಾರ್ವಿಚ್, 97ಕ್ಕೆ 22. ಫುಲ್ಹಾಮ್ 90ಕ್ಕೆ 52, ಬರ್ನ್ಲಿ 101ಕ್ಕೆ 24, ಲೆಸ್ಟರ್ 97ಕ್ಕೆ 25. ಕೆಳಗೆ ಹೆಚ್ಚು ಗಳಿಸಿದವರೇ ಮೇಲೆ ಕಡಿಮೆ ಗಳಿಸಿದ್ದಾರಲ್ಲ ಎಂದು ಇದರಿಂದ ಇನ್ನೊಂದು ಹೊಸ ನಿಯಮ ಕಟ್ಟಲು ಹೊರಡಬೇಡಿ, ಆರು ಸಾಲುಗಳಿಂದ ನಿಯಮ ಹುಟ್ಟುವುದಿಲ್ಲ. 2005-06ರಲ್ಲಿ ದಾಖಲೆಯ 106 ಅಂಕ ಪಡೆದ ರೆಡಿಂಗ್ ಮೇಲೆ ಹೋಗಿ 55 ಅಂಕಗಳೊಂದಿಗೆ ಎಂಟನೆಯದಾಗಿತ್ತು. ಕೆಳಗಿನ ಅಂಕಗಳಿಗೂ ಮೇಲಿನ ಅಂಕಗಳಿಗೂ ನೀವು ಅಂದುಕೊಂಡಷ್ಟು ನಂಟಿಲ್ಲ ಎಂಬುದಷ್ಟೇ ನನ್ನ ಮಾತು. ಮೊದಲೆರಡರಲ್ಲಿ ಇಲ್ಲದೆ ಪ್ಲೇ ಆಫ್ ಮೂಲಕ, 80 ಅಂಕಗಳೊಂದಿಗೆ, ಹೇಗೋ ತೂರಿಕೊಂಡು ಬಂದ ಲೂಟನ್ 2023-24ರಲ್ಲಿ 101 ಅಂಕದ ಬರ್ನ್ಲಿಗಿಂತ ಮೇಲಿನ ಸ್ಥಾನದಲ್ಲಿ ಮುಗಿಸಿತು.

ಕಾರಣ ತೀರ ಗಹನವಾದದ್ದೇನಲ್ಲ. ಕೆಳಗಿನ ಲೀಗ್‌ನಲ್ಲಿ ಗೆಲ್ಲುವ ತಂಡ ಚೆಂಡನ್ನು ತನ್ನ ಬಳಿ ಇಟ್ಟುಕೊಂಡು, ಎದುರಾಳಿಯನ್ನು ಅವನ ಅರ್ಧದಲ್ಲೇ ಕಟ್ಟಿಹಾಕಿ ಆಡುವುದನ್ನು ರೂಢಿಸಿಕೊಂಡಿರುತ್ತದೆ. ಮೇಲೆ ಬಂದ ಕೂಡಲೇ ಆ ಚೆಂಡು ಎದುರಿನವರ ಕಾಲಿಗೆ ಹೋಗುತ್ತದೆ. ಒಂದು ಋತುವಿನುದ್ದಕ್ಕೂ ಬರೀ ದಾಳಿಯ ಅಭ್ಯಾಸ ಮಾಡಿದವರು ವಾರಕ್ಕೊಮ್ಮೆ ಎಪ್ಪತ್ತು ನಿಮಿಷ ರಕ್ಷಣೆಗೆ ನಿಲ್ಲಬೇಕಾಗುತ್ತದೆ. ಅಲ್ಲೂ ಹಳೆಯ ರಾಗವನ್ನೇ ಹಾಡುತ್ತೇನೆಂದು ಗೋಲ್‌ಕೀಪರ್‌ನಿಂದಲೇ ಚಿಕ್ಕ ಚಿಕ್ಕ ಪಾಸುಗಳನ್ನು ಕೊಡುತ್ತ ಹೊರಟ ಸೌತಾಂಪ್ಟನ್ 2024-25ರಲ್ಲಿ ಏಳು ಪಂದ್ಯ ಬಾಕಿಯಿರುವಾಗಲೇ ಕೆಳಗಿಳಿಯಿತು, 12 ಅಂಕಗಳೊಂದಿಗೆ ಮುಗಿಸಿತು. ಲೀಡ್ಸ್‌ನ ತರಬೇತುದಾರ ಡೇನಿಯಲ್ ಫಾರ್ಕ ಮೇಲೆ ಹೇಳಿದ ನಾರ್ವಿಚ್ ತಂಡವನ್ನು ಎರಡು ಬಾರಿ ಬಡ್ತಿಗೆ ಒಯ್ದವರು. ಮೊದಲ ಸಲ 21 ಅಂಕಗಳೊಂದಿಗೆ ಇಳಿದವರೂ ಅವರೇ, ಎರಡನೆಯ ಸಲ ನವೆಂಬರ್‌ನಲ್ಲೇ ಕೆಲಸ ಕಳೆದುಕೊಂಡವರೂ ಅವರೇ. ಅವರು ಆ ಪಾಠದಿಂದ ಏನು ಕಲಿತಿದ್ದಾರೆಂಬುದು ನೂರು ಅಂಕಕ್ಕಿಂತ ಹೆಚ್ಚು ತೂಕದ ಪ್ರಶ್ನೆ.

ಮೊದಲ ಕೆಲವು ಪಂದ್ಯಗಳನ್ನು ನೋಡಿ ಅಂದಾಜು ತಿದ್ದಿಕೊಳ್ಳುತ್ತೇನೆ ಎನ್ನುವವರಿಗೆ ಹಲ್ ಸಿಟಿಯ ಕತೆ ಸಾಕು. 2008-09ರಲ್ಲಿ ಮೊದಲ ಬಾರಿಗೆ ಮೇಲಿನ ಲೀಗ್‌ಗೆ ಬಂದ ಈ ತಂಡ ಆರ್ಸೆನಲ್ ಮತ್ತು ಟಾಟನ್‌ಹ್ಯಾಮ್ ತಂಡಗಳನ್ನು ಅವರದೇ ಅಂಗಳದಲ್ಲಿ ಸೋಲಿಸಿ, ಒಂಬತ್ತು ಪಂದ್ಯಗಳಲ್ಲಿ 20 ಅಂಕ ಬಾಚಿತು. ಅಭಿಮಾನಿಗಳು ಯುರೋಪಿನ ಟೂರ್ನಿಗಳಿಗೆ ವಿಮಾನ ಹತ್ತುವ ಕನಸು ಕಾಣತೊಡಗಿದರು. ಡಿಸೆಂಬರ್ 26ರಂದು ಮ್ಯಾಂಚೆಸ್ಟರ್ ಸಿಟಿ ಎದುರು ಮಧ್ಯಂತರದ ಹೊತ್ತಿಗೆ 4-0ಯಿಂದ ಹಿಂದೆ ಬಿದ್ದಾಗ, ತರಬೇತುದಾರ ಫಿಲ್ ಬ್ರೌನ್ ಆಟಗಾರರನ್ನು ಒಳಗೆ ಕರೆದೊಯ್ಯದೆ, ದೂರದಿಂದ ಬಂದಿದ್ದ ಸ್ವಂತ ಅಭಿಮಾನಿಗಳ ಮುಂದೆ ಹುಲ್ಲಿನ ಮೇಲೆ ಕೂರಿಸಿ, ಬೆರಳು ತೋರಿಸುತ್ತ ಛೀಮಾರಿ ಹಾಕಿದರು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಂತೆ. ಅಂಥ ಶಿಕ್ಷೆಯಿಂದ ಏನು ಗಿಟ್ಟುತ್ತದೆಂದು ಮೇಷ್ಟ್ರಾದ ನನಗೆ ಗೊತ್ತು: ಆ ಋತುವಿನ ಕೊನೆಯ 22 ಪಂದ್ಯಗಳಲ್ಲಿ ಹಲ್ ಗೆದ್ದದ್ದು ಒಂದೇ. ಕೊನೆಯ ದಿನ ತಾನೂ ಸೋತು, ನ್ಯೂಕ್ಯಾಸಲ್ ಕೂಡ ಸೋತದ್ದರಿಂದ, 35 ಅಂಕಗಳೊಂದಿಗೆ ಉಳಿಯಿತು.

ಹಾಗಾದರೆ ಅಂದಾಜು ಮಾಡುವುದು ಹೇಗೆ? ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಆಗಸ್ಟ್‌ನ ಮೊದಲ ಪಂದ್ಯದ ದಿನ, ಸಂಜೆ ಏಳೂವರೆಗೆ ಆಟ ಶುರುವಾಗುವ ಮುಂಚೆ, ಆರು ಜನ ಗೆಳೆಯರು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನನ್ನು ಕತ್ತರಿಸಿ ಚೀಟಿ ಮಾಡಿ, ಬಡ್ತಿ ಪಡೆದ ಒಂದು ತಂಡದ ಹೆಸರು, ಸ್ಥಾನ, ಅಂಕ ಬರೆದು ಖಾಲಿ ಉಪ್ಪಿನಕಾಯಿ ಜಾಡಿಗೆ ಹಾಕುತ್ತೇವೆ. ಎಷ್ಟು ತೊಳೆದರೂ ಹೋಗದ ಇಂಗಿನ ವಾಸನೆ ಮೇ ತಿಂಗಳಲ್ಲಿ ಚೀಟಿ ಬಿಚ್ಚಿದಾಗಲೂ ಇರುತ್ತದೆ. 2023ರಲ್ಲಿ ನಾನು ಬರೆದದ್ದು "ಬರ್ನ್ಲಿ, 11, 46 ಅಂಕ". ಸಂಖ್ಯಾಶಾಸ್ತ್ರದ ಮೇಷ್ಟ್ರೇ 101 ಅಂಕಕ್ಕೆ ಮರುಳಾಗಿದ್ದೆ ಎಂಬುದನ್ನು ಒಪ್ಪಿಕೊಳ್ಳದೆ ಗತಿಯಿಲ್ಲ. ಬರ್ನ್ಲಿ 24 ಅಂಕಗಳೊಂದಿಗೆ 19ನೆಯದಾಯಿತು. ಆ ವರ್ಷ ಗೆದ್ದದ್ದು ಅಂಚೆ ಇಲಾಖೆಯಿಂದ ನಿವೃತ್ತರಾದ ಗೆಳೆಯರು, ಫುಟ್‌ಬಾಲಿನ ಅಂಕಿ ಅಂಶಗಳನ್ನು ಎಂದೂ ಮುಟ್ಟದವರು. ಅವರ ಚೀಟಿಯಲ್ಲಿದ್ದದ್ದು "ಲೂಟನ್, 18, 27 ಅಂಕ". ಹೇಗೆ ಹೊಳೆಯಿತೆಂದು ಕೇಳಿದೆ. "ಇವರಿಗಿಂತ ಕೆಟ್ಟದಾಗಿ ಆಡುವವರು ಯಾರು ಅಂತ ಹುಡುಕಿದೆ ಮೇಷ್ಟ್ರೇ. ಇಬ್ಬರು ಸಿಕ್ಕರು. ಮೂರನೆಯವರು ಸಿಗಲಿಲ್ಲ" ಎಂದರು.

ನಾನು ಇಷ್ಟುದ್ದ ಹೇಳಿದ್ದನ್ನು ಅವರು ಮೂರು ವಾಕ್ಯದಲ್ಲಿ ಮುಗಿಸಿದರು. ನಿಮ್ಮ ತಂಡದ ಬಲವನ್ನು ಅಳೆಯುವುದಕ್ಕೆ ಮುಂಚೆ ಉಳಿದ 19ರಲ್ಲಿ ಕುಸಿಯುವ ತಂಡ ಯಾವುದೆಂದು ಹುಡುಕಿ. ಬಡ್ತಿ ಪಡೆದ ಮೂರೂ ತಂಡಗಳು ಮರುವರ್ಷವೇ ಇಳಿದದ್ದು 1997-98, 2023-24, 2024-25ರಲ್ಲಿ ಮಾತ್ರ. ಮೂರೂ ಉಳಿದದ್ದು 2001-02, 2011-12, 2017-18, 2022-23ರಲ್ಲಿ. ಕೊನೆಯದನ್ನು ಗಮನಿಸಿ: ಆ ವರ್ಷ ಫುಲ್ಹಾಮ್, ಬೋರ್ನ್‌ಮೌತ್, ಫಾರೆಸ್ಟ್ ಉಳಿಯಲು ಅವುಗಳ ಆಟ ಎಷ್ಟು ಕಾರಣವೋ, ಲೆಸ್ಟರ್, ಲೀಡ್ಸ್, ಸೌತಾಂಪ್ಟನ್ ಎಂಬ ಮೂರು ಹಳೆಯ ಮನೆಗಳು ಒಟ್ಟಿಗೆ ಕುಸಿದದ್ದೂ ಅಷ್ಟೇ ಕಾರಣ. ಅಂಥ ಕುಸಿತ ಇಲ್ಲದ ವರ್ಷದಲ್ಲಿ ಹೊಸಬರು ತಮ್ಮ ತಮ್ಮಲ್ಲೇ ಹೊಡೆದಾಡಿಕೊಂಡು ಒಟ್ಟಿಗೆ ಹೊರಡುತ್ತಾರೆ.

"ನಮ್ಮ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಲೀಗ್ ಗೆಲ್ಲಲಿಲ್ಲವೇ" ಎಂದು ಕೆಲವರು ಇದೇ ಉಸಿರಿನಲ್ಲಿ ಕೇಳುವುದುಂಟು. 2013-14ರ ಐ-ಲೀಗನ್ನು ಆ ತಂಡ ಮೊದಲ ಯತ್ನದಲ್ಲೇ ಗೆದ್ದದ್ದು ನಿಜ, ನಮಗೆಲ್ಲ ಹೆಮ್ಮೆಯೂ ನಿಜ. ಆದರೆ ಅದು ಬಡ್ತಿ ಪಡೆದು ಬಂದ ತಂಡವಲ್ಲ, ನೇರ ಪ್ರವೇಶ ಪಡೆದು, ಸುನಿಲ್ ಚೆಟ್ರಿಯಂಥವರನ್ನು ಕಲೆಹಾಕಿ ಹೊಸದಾಗಿ ಕಟ್ಟಿದ ತಂಡ. ಕೆಳಗಿನ ಲೀಗ್‌ನಿಂದ ತನ್ನ ಹಳೆಯ ಆಟಗಾರರನ್ನೇ ಕಟ್ಟಿಕೊಂಡು ಮೇಲೆ ಬರುವ ತಂಡದ ಪಾಡು ಬೇರೆ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಒಂದು ಮಾತು. ಮೊದಲ ವರ್ಷ ಉಳಿದುಕೊಂಡರೆ ಎರಡನೆಯ ವರ್ಷದ ಗತಿಯೇನು? ಇಪ್ಸ್‌ವಿಚ್ ಬಡ್ತಿ ಪಡೆದು 2000-01ರಲ್ಲಿ 66 ಅಂಕಗಳೊಂದಿಗೆ ಐದನೆಯದಾಯಿತು, ಮರುವರ್ಷ 36 ಅಂಕಗಳೊಂದಿಗೆ ಕೆಳಗಿಳಿಯಿತು. ಎಂಟನೆಯದಾಗಿದ್ದ ರೆಡಿಂಗ್ ಕೂಡ ಮರುವರ್ಷ ಸರಿಯಾಗಿ 36 ಅಂಕಕ್ಕೇ ಇಳಿಯಿತು. 2019-20ರಲ್ಲಿ 54 ಅಂಕ ಪಡೆದು ಒಂಬತ್ತನೆಯದಾದ ಶೆಫೀಲ್ಡ್ ಯುನೈಟೆಡ್ ಮುಂದಿನ ವರ್ಷ 23 ಅಂಕಗಳೊಂದಿಗೆ ಕೊನೆಯದಾಯಿತು. ಇಂಗ್ಲೆಂಡಿನವರು ಇದನ್ನು ಎರಡನೆಯ ಋತುವಿನ ಕಾಯಿಲೆ ಎಂದು ಕರೆಯುತ್ತಾರೆ. ಅದು ಕಾಯಿಲೆಯಲ್ಲ. ಮೊದಲ ವರ್ಷ ತನ್ನ ಯೋಗ್ಯತೆಗಿಂತ ಹೆಚ್ಚು ಗಳಿಸಿದವನು ಎರಡನೆಯ ವರ್ಷ ತನ್ನ ಯೋಗ್ಯತೆಯ ಹತ್ತಿರಕ್ಕೆ ಬರುತ್ತಾನೆ; ಕಿರುಪರೀಕ್ಷೆಯಲ್ಲಿ ಓದಿದ ಪಾಠವೇ ಬಂದು 24 ತೆಗೆದ ಹುಡುಗ ಮುಂದಿನ ಸಲ 17 ತೆಗೆದರೆ ಅವನಿಗೆ ದೃಷ್ಟಿ ತಗುಲಿದೆ ಎಂದು ಯಾರೂ ಹೇಳಬಾರದು. ವೋಲ್ವ್ಸ್ 2018-19ರಲ್ಲಿ ಏಳನೆಯದಾಗಿ ಮರುವರ್ಷವೂ ಏಳನೆಯದೇ ಆಯಿತು, ಬ್ರೆಂಟ್‌ಫರ್ಡ್ ಮೊದಲ ವರ್ಷ 46 ಅಂಕ ಪಡೆದು ಎರಡನೆಯ ವರ್ಷ 59ಕ್ಕೆ ಏರಿತು. ಕಾಯಿಲೆಯಾಗಿದ್ದರೆ ಅವರಿಗೂ ಅಂಟಬೇಕಿತ್ತು. ನಿಮ್ಮ ಲೀಡ್ಸ್ ಕೂಡ 2020-21ರಲ್ಲಿ ತರಬೇತುದಾರ ಬಿಯೆಲ್ಸಾ ಅವರ ಕೈಕೆಳಗೆ 59 ಅಂಕಗಳೊಂದಿಗೆ ಒಂಬತ್ತನೆಯದಾಗಿ, ಮರುವರ್ಷ 38 ಅಂಕ ಪಡೆದು ಕೊನೆಯ ದಿನ ಬ್ರೆಂಟ್‌ಫರ್ಡ್‌ನಲ್ಲಿ ಗೆದ್ದು ಉಳಿಯಿತು, ಅದರ ಮರುವರ್ಷ 31 ಅಂಕಗಳೊಂದಿಗೆ ಇಳಿಯಿತು. ಹಾಗಾಗಿ ಈ ವರ್ಷದ ಸ್ಥಾನವನ್ನು ಕೇಳುವ ನೀವು ಮುಂದಿನ ಆಗಸ್ಟ್‌ನಲ್ಲೂ ಕೇಳುತ್ತೀರಿ ಎಂದು ನಾನು ಈಗಲೇ ಎಣಿಸಿದ್ದೇನೆ.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಕೊಡದೆ ತಪ್ಪಿಸಿಕೊಂಡೆನೆಂದು ಆಗಬಾರದು. ಈ ಸಲದ ಚೀಟಿಯನ್ನು ಬರೆಯುವಾಗ ಅಂಚೆ ಇಲಾಖೆಯ ಗೆಳೆಯರ ಪದ್ಧತಿಯನ್ನೇ ಅನುಸರಿಸಿ, ಲೀಡ್ಸ್‌ಗಿಂತ ಕೆಟ್ಟದಾಗಿ ಆಡಬಹುದಾದವರನ್ನು ಹುಡುಕಿದೆ. ಜೊತೆಗೆ ಬಡ್ತಿ ಪಡೆದ ಇಬ್ಬರು ಬೇಗ ಸಿಕ್ಕರು. ಮೂರನೆಯವರಿಗಾಗಿ ಅರ್ಧ ಗಂಟೆ ತಡಕಾಡಿದ ಮೇಲೆ ಒಂದು ಹಳೆಯ ಮನೆಯ ಗೋಡೆಯಲ್ಲಿ ಬಿರುಕು ಕಂಡಿತು. "ಲೀಡ್ಸ್, 17" ಎಂದು ಬರೆದು, ಅಂಕದ ಜಾಗವನ್ನು ಖಾಲಿ ಬಿಟ್ಟು ಜಾಡಿಗೆ ಹಾಕಲು ಹೋದೆ. ಅಂಕ ಬರೆಯದ ಚೀಟಿ ಸಿಂಧುವಲ್ಲ ಎಂದು ಗೆಳೆಯರು ಕೈ ಹಿಡಿದು ನಿಲ್ಲಿಸಿದರು. 39 ಎಂದು ಬರೆದೆ. 40 ಬರೆಯಲು ಕೈ ಏಳಲಿಲ್ಲ.